ಹಿತ್ತಲಲ್ಲಿ ಶ್ರುತಿ ಹಿಡಿದು ನಿಂತವನು

ಸ್ವಲ್ಪ ಮೆಲ್ಲಗೆ ಮಾತಾಡೋಣ. ಬೇಲಿಯಾಚೆಯದೇ ಶೌಕತ್‌ನ ಮನೆ. ಈ ಮಾತು ಕಿವಿಗೆ ಬಿದ್ದರೆ ಪಾಪ, ಅವನು ಇವತ್ತೂ ನಿದ್ದೆ ಮಾಡುವುದಿಲ್ಲ. ಹುಲ್ಲು ಒಂದು ಗೇಣು ಬೆಳೆದರೆ ನೋಟೀಸು ಬರುವ, ಶಿಕಾಗೋ ಪಕ್ಕದ ಈ ನೇಪರ್‌ವಿಲ್‌ನಲ್ಲಿ ಎಂಥ ದೆವ್ವ ಅಂತ ನಗುತ್ತೀರಿ. ನಾನೂ ನಗುತ್ತಿದ್ದವಳೇ...

ಎರಡು ಸಾವಿರದ ಮೂರರ ಬೇಸಿಗೆ. ಶೌಕತ್‌ನ ಅಬ್ಬಾ ಬೆಳಗಾವಿಯಿಂದ ಅಮೆರಿಕ ನೋಡಲು ಬಂದಿದ್ದರು. ಸೈನ್ಯದ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್, ಅದೇ ಕಂಕುಳಲ್ಲಿ ಗಾಳಿಚೀಲ ಒತ್ತಿ ನುಡಿಸುವ ವಾದ್ಯ, ಊದಿ ರಿಟೈರ್ ಆದವರು. ಈಗ ದಮ್ಮು. ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸುಂಯ್ ಸುಂಯ್, ಜೇಬಿನಲ್ಲಿ ಸದಾ ಇನ್‌ಹೇಲರ್. ನಯಾಗರಾ ತೋರಿಸಿದರೆ ನಮ್ಮ ಗೋಕಾಕ ಏನು ಕಡಿಮೆ ಅಂದರು. ಶಿಕಾಗೋದ ಗಗನಚುಂಬಿ ಕಟ್ಟಡ ತೋರಿಸಿದರೆ ಆಕಳಿಸಿದರು. ಕಡೆಗೆ ಡೆಟ್ರಾಯಿಟ್ ಹತ್ತಿರ ಸ್ಕಾಟ್‌ಲೆಂಡಿನವರ ಆಟೋಟ ಇದೆ, ಊರೂರಿನ ಬ್ಯಾಗ್‌ಪೈಪ್ ತಂಡಗಳು ಪೈಪೋಟಿಗೆ ಬರುತ್ತವೆ ಅಂತ ಗೊತ್ತಾಗಿ ಶೌಕತ್ ಅಲ್ಲಿಗೆ ಕರೆದುಕೊಂಡು ಹೋದ.

ಅಲ್ಲಿ ಅಬ್ಬಾಗೆ ಪ್ರಾಯ ಮರಳಿತಂತೆ. ಚೌಕಳಿ ಲಂಗ ಉಟ್ಟ ಗಂಡಸರು ಮರದ ದಿಮ್ಮಿ ಎತ್ತಿ ಎಸೆಯುತ್ತಿದ್ದರೆ ಇವರು ಅತ್ತ ತಿರುಗಿಯೂ ನೋಡಲಿಲ್ಲ. ಬ್ಯಾಂಡುಗಳ ಹಿಂದೆಯೇ ಸುತ್ತಿದರು. ಬೆರಳು ತಾವಾಗಿಯೇ ತೊಡೆಯ ಮೇಲೆ ಕುಣಿಯುತ್ತಿದ್ದವು. ಆದರೆ ಊದಿದರೆ ಜೀವಕ್ಕೇ ಸಂಚಕಾರ ಅಂತ ಡಾಕ್ಟರು ಹೇಳಿದ್ದರು.

ಎಲ್ಲ ಮುಗಿದಾಗ ಕತ್ತಲು. ಕಾರು ದೂರ ನಿಲ್ಲಿಸಿದ್ದರು, ದಾರಿ ಒಂದು ಕೊಳದ ಪಕ್ಕ. ದಂಡೆಯ ಮೇಲೆ ದೊಡ್ಡ ಓಕ್ ಮರ. ಅದರಡಿ ಬ್ಯಾಂಡಿನ ಪೂರ್ತಿ ಉಡುಪಿನಲ್ಲಿ ಒಬ್ಬನೇ ಒಬ್ಬ... ಹೂಂಂಂ... ಅಂತ ಬರೀ ಶ್ರುತಿ. ಭುಜಕ್ಕೊರಗಿದ ಉದ್ದ ಕೊಳವೆಗಳಿಂದ ಬರುವ ಒಂದೇ ದನಿ. ಹಾಡಿಲ್ಲ.

ಅಬ್ಬಾ ಹತ್ತಿರ ಹೋಗಿ ತಲೆದೂಗಿದರು. ತಮ್ಮ ಪಲ್ಟನ್ ಇಂಗ್ಲಿಷಿನಲ್ಲಿ ಶಹಬಾಸ್ ಅಂದರು. ಆಮೇಲೆ, ನಾವು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತೇವಲ್ಲ, ಅದನ್ನೇ ಹೇಳಿದರು. ಶಿಕಾಗೋ ಕಡೆ ಬಂದರೆ ಮನೆಗೆ ಬಾ, ಚಹಾ ಕುಡಿಯೋಣ ಅಂತ. ಹಾಗೆ ಕರೆದರೆ ಯಾರಾದರೂ ಬರುತ್ತಾರೆಯೇ?

ಕಾರು ಹತ್ತುವಾಗ ಶೌಕತ್ ತಿರುಗಿ ನೋಡಿದ. ಊದುವ ಕೊಳವೆ ಅವನ ಬಾಯಲ್ಲಿರಲಿಲ್ಲ. ಎದೆಯ ಮೇಲೆ ಜೋತಾಡುತ್ತಿತ್ತು. ಉಸಿರು ತುಂಬದಿದ್ದರೆ ಆ ಚೀಲ ಅರೆಗಳಿಗೆಯೂ ನಿಲ್ಲುವುದಿಲ್ಲ. ಅದು ಉಬ್ಬಿಕೊಂಡೇ ಇತ್ತು... ಶ್ರುತಿಯೂ ನಿಂತಿರಲಿಲ್ಲ.

ಮರುದಿನ ರಾತ್ರಿ ನೇಪರ್‌ವಿಲ್‌ನಲ್ಲಿ, ಮನೆಯ ಹಿಂದಿನಿಂದ... ಗೊರ್‌ರ್... ಚೀಲ ತುಂಬುವ ಸದ್ದು. ಆಮೇಲೆ ಹೂಂಂಂ... ಶೌಕತ್‌ನ ಹೆಂಡತಿ ಗುಲ್‌ಶನ್ ಫ್ರಿಜ್ ಕೆಟ್ಟಿತೇನೋ ಅಂದುಕೊಂಡಳು. ಶೌಕತ್ ಪರದೆ ಸರಿಸಿದ. ಹಿತ್ತಲ ಹುಲ್ಲಿನ ಮೇಲೆ ಅವನೇ ನಿಂತಿದ್ದ.

ಹೊರಗೆ ಶ್ರುತಿ ಏರಿದಂತೆಲ್ಲ ಒಳಗೆ ಅಬ್ಬಾನ ಉಸಿರು ಇಳಿಯಿತು. ಇನ್‌ಹೇಲರ್ ಕೆಲಸ ಮಾಡಲಿಲ್ಲ. ಬೆಳಗ್ಗೆ ಆಸ್ಪತ್ರೆಗೆ ಕರೆದೊಯ್ದರೆ ಹೊಸದಾಗಿ ಏನೂ ಇಲ್ಲ ಅಂದರು. ರಾತ್ರಿ ಮತ್ತೆ ಅದೇ. ಗುಲ್‌ಶನ್ ದುವಾ ಓದುತ್ತಾ ಕೂತಳು. ಹೊರಗಿನ ದನಿ ತಗ್ಗಿತು, ನಿಲ್ಲಲಿಲ್ಲ.

"ಹಾಡು ಯಾಕ ಹಚ್ಚವಲ್ಲ ಅಂವಾ?" ಶೌಕತ್ ಪಿಸುಗುಟ್ಟಿದ.

"ಜೋಡಿ ಬರೂತನಾ ಹಚ್ಚಂಗಿಲ್ಲ," ಅಂದರು ಅಬ್ಬಾ. "ನನ್ನ ದಾರಿ ಕಾಯಾಕತ್ತಾನ."

"ಹೋಗು ಅನ್ರಿ ಅವಗ."

"ಕರದಾಂವ ನಾನು. ಮನಿಗೆ ಬಂದಾವಗ ಹೋಗು ಅಂತ ಹೆಂಗ ಅನ್ನೂದು?"

ಶೌಕತ್ ತಾನೇ ಬರಿಗಾಲಲ್ಲಿ ಹೊರಗೆ ಹೋದ. ಹುಲ್ಲೆಲ್ಲ ಇಬ್ಬನಿ. ಖಡಕ್ಕಾಗಿ ಬೈದು ಓಡಿಸಬೇಕು ಅಂತ ಇಂಗ್ಲಿಷಿನಲ್ಲಿ ಮಾತು ಜೋಡಿಸಿಕೊಂಡಿದ್ದ. ಎದುರು ನಿಂತಾಗ ಅದೊಂದೂ ನೆನಪಾಗಲಿಲ್ಲ. ಸಣ್ಣಂದಿನಿಂದ ಬಾಗಿಲಲ್ಲಿ ನಿಂತು ಅತಿಥಿಗಳಿಗೆ ಹೇಳಿ ಹೇಳಿ ರೂಢಿಯಾದ ಮಾತೇ ಬಂತು.

"ಅಬ್ಬಾಗ ಆರಾಮಿಲ್ಲ... ಹೋಗಿ ಬರ್ರಿ."

ಶ್ರುತಿ ತಟ್ಟನೆ ನಿಂತಿತು. ಅಲ್ಲಿ ಯಾರೂ ಇರಲಿಲ್ಲ.

ಅವತ್ತು ಅಬ್ಬಾ ಚೆನ್ನಾಗಿ ನಿದ್ದೆ ಮಾಡಿದರು. ಬೆಳಗ್ಗೆ ಒಂದು ರೊಟ್ಟಿ ಹೆಚ್ಚೇ ತಿಂದರು. ಏನು ಹೇಳಿ ಕಳಿಸಿದೆ ಅಂತ ಕೇಳಿದರು. ಶೌಕತ್ ಹೆಮ್ಮೆಯಿಂದ ಹೇಳಿದ. ಅಬ್ಬಾ ಸುಮ್ಮನೆ ಮಗನ ಬೆನ್ನು ತಟ್ಟಿದರು. ಆಗ ಹೊಳೆಯಿತು ಅವನಿಗೆ, ತಾನು ಹೇಳಿದ್ದು ಏನು ಅಂತ.

ಬಂದ. ಅದೇ ರಾತ್ರಿ ಬಂದ.

ಶೌಕತ್ ಬಾಗಿಲಿಗೆ ಅಡ್ಡ ನಿಂತ. ಅಬ್ಬಾನನ್ನು ಒಳಕೋಣೆಗೆ ಕರೆದೊಯ್ದರೆ ಮುಖ ನೀಲಿಗಟ್ಟುತ್ತಿತ್ತು. ಹಿತ್ತಲ ಬಾಗಿಲ ಹತ್ತಿರ ತಂದರೆ ಉಸಿರು ಸಲೀಸು. ಒಳಗಿಟ್ಟುಕೊಂಡರೆ ಕಣ್ಣೆದುರೇ ಸಾಯುತ್ತಾರೆ, ಹೊರಗೆ ಬಿಟ್ಟರೆ ಅವನು ಕಾಯುತ್ತಿದ್ದಾನೆ. ಏನು ಮಾಡುತ್ತೀರಿ, ಹೇಳಿ? ಅಬ್ಬಾ ಗುಲ್‌ಶನ್‌ಗೆ ಎರಡು ಕಪ್ ಚಹಾ ಮಾಡಿ ಹೊರಗಿಡಲು ಹೇಳಿದರು. ಅವಳು ಅಳುತ್ತಲೇ ಮಾಡಿ ಇಟ್ಟಳು. ಕಡೆಗೆ ಶೌಕತ್ ತನ್ನ ಕೈಯಾರೆ ಬಾಗಿಲು ಬಿಟ್ಟುಕೊಟ್ಟ.

ಊರಲ್ಲಿ ಬೀಡಿ ತರಲು ಬೀದಿಯ ತುದಿಗೆ ಹೊರಟರೂ 'ಹೋಗಿ ಬರ್ತೀನಿ' ಅನ್ನುತ್ತಿದ್ದ ಮನುಷ್ಯ. ಅವತ್ತು ಹೊಸ್ತಿಲಲ್ಲಿ ತಿರುಗಿ, ಮಗನ ಕೆನ್ನೆ ಸವರಿ, "ನಾ ಹೊಂಟೆ," ಅಂದರು.

ಅಷ್ಟೇ. ಬರ್ತೀನಿ ಅನ್ನಲಿಲ್ಲ. ಈ ಮನೆಗೆ ಇನ್ನೊಂದು ಕಾಟ ಬೇಡ ಅಂತಲೇ ಅನ್ನಲಿಲ್ಲ ಅಂತ ಶೌಕತ್ ಈಗಲೂ ಅಳುತ್ತಾನೆ.

ಆಗ ಹಾಡು ಶುರುವಾಯಿತು. ನನಗೂ ಕೇಳಿಸಿತು, ನಮ್ಮ ಮಲಗುವ ಕೋಣೆಗೆ. ಒಂದಲ್ಲ, ಎರಡು ವಾದ್ಯ. ಯಾರದೋ ಟಿ.ವಿ. ಇರಬೇಕು, ಮಲಗು ಅಂದರು ನಮ್ಮ ಯಜಮಾನರು. ಸ್ವಲ್ಪ ಹೊತ್ತಿಗೆ ಅಂಬುಲೆನ್ಸ್ ಬಂತು. ಅಬ್ಬಾ ಹಿತ್ತಲ ಕುರ್ಚಿಯಲ್ಲಿ ಕೂತಂತೆಯೇ ಹೋಗಿದ್ದರು.

ಬೆಳಗ್ಗೆ ಮನೆ ತುಂಬ ಜನ. ನಾನು ಪಾತ್ರೆ ತೊಳೆಯೋಣ ಅಂತ ಹಿತ್ತಲಿಗೆ ಹೋಗಿ ಕಪ್ಪುಗಳನ್ನು ಎತ್ತಿಕೊಂಡೆ. ಅಬ್ಬಾನ ಕುರ್ಚಿಯ ಪಕ್ಕದ್ದು ತುಂಬಿದಂತೆಯೇ ಇತ್ತು, ತಣ್ಣಗೆ, ಕೆನೆ ಕಟ್ಟಿತ್ತು. ಆಚೆ ಇಟ್ಟಿದ್ದು ಖಾಲಿ. ಯಾರೋ ಬಂದವರು ಕುಡಿದಿರಬೇಕು ಅಂತೀರಿ. ಗುಲ್‌ಶನ್‌ಳನ್ನು ಕೇಳಿದೆ, ಆಮೇಲೆ ಆ ಮನೆಯಲ್ಲಿ ಯಾರೂ ಒಲೆಯನ್ನೇ ಹಚ್ಚಿರಲಿಲ್ಲ.

ಆ ಖಾಲಿ ಕಪ್ಪನ್ನು ಹಿಡಿದಿದ್ದು ಇದೇ ಕೈ. ಅದು ಇನ್ನೂ ಬಿಸಿಯಾಗಿತ್ತು.