ತಕ್ಕಡಿಗೆ ಏರಿಸದ ಗಂಟೆ

ಏಳಬೇಡ ಮಾಬ್ಲ, ಕೂತ್ಕೋ. ನಾಳೆ ವಿಚಾರಣೆಯಲ್ಲಿ ಸುಳ್ಳು ಹೇಳು ಅಂತ ನಾನು ಹೇಳಲೇ ಇಲ್ಲ. ಜಪ ಮುಗಿಯದೆ ಚಾ ಕುಡಿಯದ ಬಾಯಿ ಇದು, ಅಂಥ ಮಾತು ಇದರಲ್ಲಿ ಬರೂದಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಅಂದೆ, ಅಷ್ಟೇ... ಎಂತಕ್ಕೆ ನಗ್ತೀ? ನಗಲಿಲ್ಲವಾ? ಆತು, ನನಗೆ ಹಾಗೆ ಕಂಡಿತು.

ಊಟವನ್ನೂ ಮಾಡಲಿಲ್ಲ ನೀನು. ರಮಾನಂದನ ಹೆಲಿಕಾಪ್ಟರ್ ಬಿದ್ದು ನಾಲ್ಕು ದಿನ ಆಯಿತು, ನಾಲ್ಕು ದಿನದಿಂದ ಅದೇ ತೂಕದ ಚೀಟಿ ಹಿಡಿದು ಕೂತಿದ್ದೀ. ನೀನು ಬರೆದ ತೂಕ ಸರಿ ಇತ್ತು ಮಾರಾಯ. ನಿನಗೆ ಹಾರುವುದನ್ನು ಕಲಿಸಿದವ ನಾನು, ನಾನು ಹೇಳ್ತೆನಲ್ಲ. ಮೇ ತಿಂಗಳ ಕಾವು, ಘಟ್ಟದ ಎತ್ತರ, ಅಲ್ಲಿ ಗಾಳಿಗೇ ಜೀವ ಇರೂದಿಲ್ಲ. ಒಂದು ಕೊಡ ನೀರು ಹೆಚ್ಚಾದರೂ ಆ ಪುಟ್ಟ ಯಂತ್ರ ತಡೆಯೂದಿಲ್ಲ. ಅದಕ್ಕೇ ಅಲ್ಲವಾ ಹೊನ್ನಾವರದ ಕೊಬ್ಬರಿ ಸಾವ್ಕಾರರ ತಕ್ಕಡಿ ತಂದು ದಿನಾ ಬೆಳಿಗ್ಗೆ ಮನುಷ್ಯರನ್ನೂ ಸಾಮಾನನ್ನೂ ತೂಗುತ್ತಿದ್ದದ್ದು. ಆ ದಿನವೂ ರಮಾನಂದ ಅದರ ತಟ್ಟೆಯಲ್ಲಿ ಚಕ್ಕಳಮಕ್ಕಳ ಕೂತು, ಇವತ್ತು ನನಗೆ ಎಂತ ದರ ನಡೀತದೆ ಭಟ್ರೇ ಅಂತ ನನ್ನನ್ನೇ ಕೇಳಿದ. ಜಪ ಮಾಡುವವನೆಲ್ಲ ಅವನಿಗೆ ಭಟ್ಟ. ದಾರಿ ತೋರಿಸಲು ಅವನ ಜೊತೆ ಹೊರಟ ಶುಕ್ರನಂತೂ, ಪಾಪ, ತೂಕ ಕಡಿಮೆಯಾಗಲಿ ಅಂತ ಹೆಗಲ ಕಂಬಳಿಯನ್ನೂ ತೆಗೆದು ಕೆಳಗಿಟ್ಟ.

ಅದಕ್ಕೇ ಹೇಳ್ತೆ. ತೂಗಿದ ಮೇಲೆ ರಮಾನಂದನೇ ಏನೋ ಏರಿಸಿಕೊಂಡಿರಬೇಕು. ಅವನ ಸ್ವಭಾವ ನಿನಗೆ ಗೊತ್ತಲ್ಲ. ಒಮ್ಮೆ ಗೇರುಸೊಪ್ಪದಿಂದ ಎರಡು ಹಲಸಿನಹಣ್ಣು ಕಟ್ಟಿಕೊಂಡು ಬಂದಿರಲಿಲ್ಲವಾ? ನಾಳೆ ಅವರು ಕೇಳಿದರೆ ಆ ಹಲಸಿನಹಣ್ಣಿನ ಸಂಗತಿ ಹೇಳು. ಅದು ಸುಳ್ಳಲ್ಲ.

ಹಾಗೆ ನೋಡಬೇಡ ನನ್ನ.

ರಮಾನಂದನ ಹೆಂಡತಿಯ ಬಗ್ಗೆ ನನಗೂ ಸಂಕಟ ಇಲ್ಲವಾ? ನಿನ್ನೆ ಕುಮಟೆಗೆ ಹೋಗಿದ್ದೆ. ನಮ್ಮನೆಯವರ ಕೈಯಿಂದಲೇ ಶುಕ್ರ ಸತ್ತ ಅಂತ ಪೇಟೆಯಲ್ಲಿ ಆಡಿಕೊಳ್ತಾ ಇದ್ದಾರೆ, ಹೌದಾ ಅಂತ ವನಮಾಲಾ ಕೇಳಿದಳು. ಅಳಲಿಲ್ಲ, ಬರೀ ಕೇಳಿದಳು. ಎಲ್ಲ ಅವನ ಇಚ್ಛೆ ತಂಗಿ ಅಂದೆ ನಾನು. ಯಾರ ಇಚ್ಛೆ ಅಂತ ಕೇಳಿದಳು ನೋಡು. ಪುಣ್ಯಕ್ಕೆ ಒಳಗೆ ಮಗು ಎದ್ದಿತು.

ಸತ್ತವನಿಗೆ ಒಂದು ತಪ್ಪು ಹೆಚ್ಚಾದರೆ ಎಂತ ಆಗ್ತದೆ ಮಾಬ್ಲ? ಅವನು ಈಗ ದೇವರ ಹತ್ತಿರ ಇದ್ದಾನೆ. ಅಲ್ಲಿ ಯಾವ ವಿಚಾರಣೆಯೂ ಇಲ್ಲ... ಸರಿ, ಇದೆ. ಆದರೆ ಅಲ್ಲಿ ನಮ್ಮ ಸಾಕ್ಷಿ ಬೇಡ.

ನಾವಿಬ್ಬರೂ ಅವನ ಹಿಂದೆಯೇ ಬರ್ತಿದ್ದ ಯಂತ್ರದಲ್ಲಿದ್ದು ಕಣ್ಣಾರೆ ಕಂಡವರು. ವಿದ್ಯುತ್ ಕಂಬ ನೆಡೂದಕ್ಕೆ ಕಡಿದ ಬಯಲಿನ ಮೇಲೆ ಅವನು ನಿಧಾನ ಮಾಡಿದ. ಯಂತ್ರ ಬಲಕ್ಕೆ ವಾಲಿತು. ಎತ್ತಲು ನೋಡಿದ, ಆಗಲಿಲ್ಲ. ರೆಕ್ಕೆ ಮತ್ತಿಮರಕ್ಕೆ ಬಡಿದು ಮುರಿದು ಅವನ ಗಾಜಿನೊಳಕ್ಕೇ ತಿರುಗಿ ಬಂತು. ಅರವತ್ತೆರಡರ ಯುದ್ಧದಲ್ಲಿ ಹಿಮಾಲಯದ ಮೇಲೆ ಗುಂಡಿನ ನಡುವೆ ಹಾರಿದ ತಲೆ ಅದು. ಆ ತಲೆಯನ್ನು ಬೇರೆಯಾಗಿ ನನ್ನ ಶಾಲಿನಲ್ಲಿ ಕಟ್ಟಿ ಇಳಿಸಿದೆ. ಶಾಲು ನೆನೆದು ನನ್ನ ಎದೆಯ ಮೇಲೆಲ್ಲ ಇಳೀತಾ ಇತ್ತು, ಬೆಚ್ಚಗೆ. ನಾನು ರಾಮನಾಮ ಬಿಡಲಿಲ್ಲ. ಇಬ್ಬರಿಗೂ ಕ್ಷಣದಲ್ಲಿ ಹೋಯಿತು, ಅಷ್ಟು ಮಾತ್ರ ದೇವರು ದೊಡ್ಡವ. ಶುಕ್ರನ ಹೆಂಡತಿ ಸೋಮಿಗೂ ಅದನ್ನೇ ಹೇಳಿದೆ. ನಿನ್ನ ಗಂಡನಿಗೆ ನೋವು ಗೊತ್ತೇ ಆಗಲಿಲ್ಲ ಅಂತ.

ಎಂತ? ಏನೋ ಹೇಳಲು ಹೊರಟೆ ನೀನು. ಇಲ್ಲವಾ?

ಚೀಟಿ ಕೆಳಗಿಡು ಮಾರಾಯ, ಬೆವರಿಗೆ ಶಾಯಿ ಹರಡ್ತಾ ಉಂಟು.

ಹಲಸಿನಹಣ್ಣಲ್ಲ ಮಾಬ್ಲ. ರಮಾನಂದ ಏನೂ ಏರಿಸಲಿಲ್ಲ. ನಾನು ಏರಿಸಿದೆ.

ಗಂಟೆ. ಕಂಚಿನದು. ಹಿಮಾಲಯದಲ್ಲಿ ಒಂದು ದಿನ ನಾನೂ ರಮಾನಂದನೂ ಮೋಡದಲ್ಲಿ ದಾರಿ ತಪ್ಪಿದೆವು. ಇಬ್ಬರೂ ಜೀವಂತ ಊರು ಕಂಡರೆ ಘಟ್ಟ ಕಾಯುವ ಜಟಗನಿಗೆ ಗಂಟೆ ಕಟ್ಟಿಸ್ತೆ ಅಂತ ಹರಕೆ ಹೊತ್ತೆ. ಇಬ್ಬರೂ ಅಂತಲೇ ಹೊತ್ತದ್ದು. ಎರಕ ಹೊಯ್ಯಿಸಿ, ಪೂಜೆ ಮಾಡಿಸಿ, ಮೂರು ವರ್ಷ ಮಾವಳ್ಳಿಯ ಮನೆಯಲ್ಲಿ ದೇವರ ಮುಂದೆ ಇಟ್ಟಿದ್ದೆ. ಜಟಗನ ಕಟ್ಟೆಗೆ ದಾರಿ ಎಲ್ಲುಂಟು? ರಮಾನಂದ ಇಳಿಯುವ ಬಯಲು ಆ ಕಟ್ಟೆಯ ಮಗ್ಗುಲಿಗೇ ಅಂತ ತಿಳಿದಾಗ, ದೇವರೇ ಕರೆಸಿಕೊಳ್ತಾ ಇದ್ದಾನೆ ಅನ್ನಿಸಿತು. ಬಲಗಡೆಯ ಬುಟ್ಟಿಯಲ್ಲಿ, ಹಗ್ಗದ ಸುರುಳಿಯ ಅಡಿಗೆ ಇಟ್ಟೆ.

ತೂಗಬಹುದಿತ್ತು. ತಕ್ಕಡಿ ಹತ್ತು ಹೆಜ್ಜೆಯಲ್ಲಿ ಇತ್ತು. ಆದರೆ ದೇವರಿಗೆ ಸಂದ ವಸ್ತುವನ್ನು ಕೊಬ್ಬರಿ, ಒಣಮೀನು ತೂಗುವ ತಟ್ಟೆಗೆ ಹೇಗೆ ಹಾಕಲಿ? ಹರಕೆಯದ್ದನ್ನು ತೂಗಿದರೆ ಕೊಟ್ಟದ್ದನ್ನು ಅಳೆದ ಹಾಗೆ ಅಂತ ನನ್ನ ಅಜ್ಜಿ ಹೇಳ್ತಿದ್ದಳು. ರಮಾನಂದನಿಗೆ ಹೇಳಿದರೆ ನಗ್ತಾ ನಗ್ತಾ ತೂಗಿಯೇ ಬಿಡ್ತಿದ್ದ. ಅದಕ್ಕೇ ಹೇಳಲಿಲ್ಲ. ದೇವರ ಭಾರ ದೇವರೇ ಹೊರ್ತಾನೆ ಅಂತ... ನಿಜವಾಗಿ ನಂಬಿದ್ದೆ ಮಾಬ್ಲ. ಅಷ್ಟನ್ನಾದರೂ ನಂಬು.

ಬೈದುಬಿಡು. ಒಂದು ಏಟು ಹಾಕು, ನಾನು ಎಂತದೂ ಹೇಳೂದಿಲ್ಲ. ಸುಮ್ಮನಿರಬೇಡ.

ಇಷ್ಟು ಹೇಳಿದೆ. ನೀನು ಯಾವ ಗಂಟೆ ಅಂತಲೂ ಕೇಳಲಿಲ್ಲ. ಅದು ಅಲ್ಲಿ ಯಾರಿಗೂ ಯಾಕೆ ಸಿಗಲಿಲ್ಲ ಅಂತಲೂ ಕೇಳಲಿಲ್ಲ...

ನಿನಗೆ ಗೊತ್ತಿತ್ತು.

ಯಾವಾಗಿನಿಂದ? ನಮ್ಮ ಯಂತ್ರ ಇಳಿಸಿದ ಮೇಲೆ ರೆಕ್ಕೆ ನಿಲ್ಲುವ ತನಕ ನೀನು ಕೂತಿರಬೇಕಿತ್ತು. ನಾನು ಕೆಳಕ್ಕೆ ಜಿಗಿದು ಓಡಿದೆ. ನೀನು ಬಂದಾಗ ಎಲ್ಲ ಮುಗಿದಿತ್ತು... ಹಳ್ಳದ ಆಚೆ ಬಂಡೆಯ ಮೇಲೆ ಇದ್ದೆಯಾ? ಅಲ್ಲಿಂದ ಇಳಿದು ಹತ್ತಿ ಬರಲು ಹೊತ್ತು ಬೇಕು, ಹೌದು. ಅಲ್ಲಿಂದ ಕಾಣ್ತದೆ. ನಾನು ಗಂಟೆಯನ್ನು ಕಮರಿಯ ಅಂಚಿಗೆ ಉರುಳಿಸಿ ನೂಕಿದ್ದು ಕಂಡೀತು. ಬಂಡೆಯಿಂದ ಬಂಡೆಗೆ ಬಡೀತಾ ಹೋಯಿತು ಅದು.

ಅಲ್ಲಿಂದ ಕೇಳಿಸ್ತದಾ?

ಶುಕ್ರ ಬದುಕಿದ್ದ ಮಾಬ್ಲ. ಎಂಜಿನ್ ಅವನ ಸೊಂಟದ ಮೇಲೆ ಬಿದ್ದಿತ್ತು. ಬಾಯಲ್ಲಿ ರಕ್ತ ಗುಳುಗುಳು ಅಂತಿದ್ದರೂ ಒಡೆಯಾ ಅಂತ ಕರೆದ. ನಾನು ಬಂದೆ ಶುಕ್ರ ಅಂದೆ. ಅಂದು, ಮೊದಲು ಗಂಟೆಯ ಹತ್ತಿರ ಹೋದೆ. ಅದನ್ನು ಯಾರೂ ನೋಡಬಾರದಿತ್ತು. ಇಪ್ಪತ್ತು ಮಾರು ದೂರ, ಒದ್ದೆ ಕೈಗೆ ಜಾರ್ತಾ ಇತ್ತು. ಮತ್ತೊಮ್ಮೆ ಕರೆದ. ಬಂದೆ ಬಂದೆ ಅಂದೆ. ತಿರುಗಿ ಬಂದಾಗ ಕಣ್ಣು ತೆರೆದೇ ಇತ್ತು, ಇರುವೆ ಹತ್ತಿತ್ತು.

ಎರಡು ಸಲ ಕರೆದ. ಎರಡೇ ಸಲ.

ನೀನು ಆಚೆ ಬದಿಯಲ್ಲಿ ನಿಂತು ಕೇಳಿದವ, ನೀನೇ ಹೇಳು. ಎರಡೇ ಸಲ ಅಲ್ಲವಾ, ಮಾಬ್ಲ?

ಮಾಬ್ಲ?