ಸೆರಮೈಡೂ ನನ್ನ ಹೆಂಡತಿಯೂ

ಸಭೆಯ ಅಧ್ಯಕ್ಷರಾದ ಕೊಟ್ರಸ್ವಾಮಿಯವರೇ, ಹರಪನಹಳ್ಳಿಯಿಂದ ಈ ಬಿಸಿಲಲ್ಲಿ ಬಸ್ಸು ಹತ್ತಿ ಬಂದಿರುವ ಮುಖ್ಯ ಅತಿಥಿಗಳೇ, ಗುರುಹಿರಿಯರೇ, ತಾಯಂದಿರೇ, ಮಿರ್ಚಿ-ಮಂಡಕ್ಕಿಯ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಭಾಷಣ ಮುಗಿಯುವ ತನಕ ಕೂರಲು ಒಪ್ಪಿರುವ ಕೊಟ್ಟೂರಿನ ಸಭಿಕರೇ,

ನನ್ನ ಕಿರಿಯ ಮಗಳು ಅರ್ಚನಾ ಡಾಕ್ಟರೇಟ್ ಪಡೆದಳೆಂದು ನೀವು ಈ ಸನ್ಮಾನ ಇಟ್ಟುಕೊಂಡಿದ್ದೀರಿ. ಅಪ್ಪನಾದವನು ಎರಡು ಮಾತು ಆಡಲಿ ಎಂದು ಮೈಕು ಕೊಟ್ಟಿದ್ದೀರಿ. ಎಣ್ಣೆ ಮಿಲ್ಲಿನ ಉಜ್ಜಿನಪ್ಪನಿಗೆ ಮೈಕು ಕೊಡುವುದೂ ಹೋರಿಯ ಹಗ್ಗ ಬಿಡುವುದೂ ಒಂದೇ ಎಂದು ಅಧ್ಯಕ್ಷರಿಗೆ ಯಾರೂ ಹೇಳಲಿಲ್ಲವೆಂದು ಕಾಣುತ್ತದೆ. ಮಗಳನ್ನು ಹೊಗಳಲು ನೀವಿದ್ದೀರಿ. ನಾನು ನನ್ನ ಹೆಂಡತಿಗೆ ಒಂದು ಮಾತು ಹೇಳಬೇಕಾಗಿದೆ. ಮನೆಯಲ್ಲಿ ಹೇಳಿ ಹೇಳಿ ಸಾಕಾಯಿತು, ಕೇಳುವುದಿಲ್ಲ. ಇಷ್ಟು ಜನರ ನಡುವೆ ಎದ್ದು ಒಳಗೆ ಹೋಗಲಾರಳಲ್ಲ!

ಅರ್ಚನಾ ಓದಿದ್ದೇನು? ನಮ್ಮ ಮೈಯೊಳಗೆ ಕಿಣ್ವಗಳೆಂಬ ಕೆಲಸಗಾರರಿದ್ದಾರಂತೆ. ಅವರಲ್ಲಿ ಕೆಲವರು ಸೆರಮೈಡ್ ಎಂಬ ಜಿಡ್ಡನ್ನು ತಯಾರಿಸುತ್ತಾರೆ. ಆ ಜಿಡ್ಡು ಯಾಕೆ ಬೇಕು? ಮಳೆಗಾಲಕ್ಕೆ ಮೊದಲು ನಮ್ಮ ಮಾಳಿಗೆಗಳ ಮೇಲೆ ಸವಳು ಮಣ್ಣು ಹಾಕಿಸುತ್ತೇವಲ್ಲ, ಅದು ಯಾಕೆ ಬೇಕು? ಮಣ್ಣು ಹಾಕದ ಮಾಳಿಗೆ ಒಳಕ್ಕೆ ಸೋರುತ್ತದೆ. ಸೆರಮೈಡ್ ಇಲ್ಲದ ಚರ್ಮದಿಂದ ಮೈಯ ನೀರು ಹೊರಕ್ಕೆ ಆರಿಹೋಗುತ್ತದೆ, ಚರ್ಮ ಒಣಗಿ ಬಿರಿಯುತ್ತದೆ. ಹಾಗೆಂದು ಎಲ್ಲೆಂದರಲ್ಲಿ ಹೆಚ್ಚಿದರೆ ಒಳ್ಳೆಯದೇ? ಅದೂ ಅಲ್ಲ. ಲಿವರಿನಲ್ಲಿ, ಮಾಂಸಖಂಡದಲ್ಲಿ ಇದೇ ಜಿಡ್ಡು ಕೂಡಿಕೊಂಡರೆ ಮೈ ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತದೆ, ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ. "ಅಪ್ಪಾ, ನಿನ್ನ ಹೊಟ್ಟಿ ನೋಡಿದ್ರ ಇನ್ನೊಂದು ಡಾಕ್ಟರೇಟ್ ಮಾಡಬೌದು ಅನಸ್ತೈತಿ" ಎನ್ನುತ್ತಾಳೆ. ನಗಬೇಡಿ, ನಿಮ್ಮ ಹೊಟ್ಟೆಗಳೂ ಇಲ್ಲಿಂದ ಚೆನ್ನಾಗಿ ಕಾಣುತ್ತಿವೆ.

ಪ್ರಪಂಚದಲ್ಲಿ ಅಷ್ಟೊಂದು ವಿಷಯಗಳಿರುವಾಗ ಈ ಹುಡುಗಿ ಇದನ್ನೇ ಯಾಕೆ ಹಿಡಿದಳು? ಅವಳ ಅಕ್ಕನಿಗಾಗಿ. ಮುಂದಿನ ಸಾಲಿನಲ್ಲಿ ಒದ್ದೆ ಟವೆಲ್ಲು ಹೊದ್ದು ಕೂತಿದ್ದಾಳಲ್ಲ, ನನ್ನ ಹಿರಿಯ ಮಗಳು ಹಂಪಕ್ಕ, ಅವಳಿಗಾಗಿ. ಹುಟ್ಟಿದಾಗ ಕೂಸಿನ ಮೈ ತುಂಬ ಬಿಗಿಯಾದ, ಹೊಳೆಯುವ ಪೊರೆಯಿತ್ತು. ಅದು ಉದುರಿದ ಮೇಲೆ ಉಳಿದದ್ದು ಹುರುಪೆಗಟ್ಟಿದ ಚರ್ಮ. ಬೆವರು ಸರಿಯಾಗಿ ಬರುವುದಿಲ್ಲ, ಬೇಸಿಗೆಯಲ್ಲಿ ಮೈ ಕಾದು ಕೆಂಡವಾಗುತ್ತದೆ. ಊರಿಗೆಲ್ಲ ಶೇಂಗಾ ಎಣ್ಣೆ ಮಾರಿದವನು ನಾನು. ನನ್ನ ಮಗಳ ಮೈಗೆ ಎಷ್ಟು ಸವರಿದರೂ ಸಾಲಲಿಲ್ಲ.

ಹೆರಿಗೆ ಮಾಡಿಸಿದ ಮಾರೆಮ್ಮ ಕೂಸನ್ನು ನೋಡಿದವಳೇ, "ಏ ಶಿವನ, ಇದು ಹಾವಿನ ಪೊರಿ! ಬಸುರ್ಯಾಗ ಏನ್ ಮಾಡಿದ್ಯವ್ವಾ?" ಎಂದಳು. ಪಾಪ, ಅವಳಿಗೆ ತಿಳಿದದ್ದು ಅಷ್ಟು. ನನ್ನ ಹೆಂಡತಿ ಕೊಟ್ರಮ್ಮನಿಗೆ ನೆನಪಾಯಿತು. ಬಸುರಿಯಾಗಿದ್ದಾಗ ಬಚ್ಚಲ ಮೋರಿಗೆ ಕುದಿವ ನೀರು ಚೆಲ್ಲಿದ್ದಳು, ಅಲ್ಲೊಂದು ಹಾವಿನ ಮರಿ ಸತ್ತುಬಿದ್ದಿತ್ತು. ಮುಗಿಯಿತು! ನಾಗರ ಶಾಪ ಎಂದು ಊರು ಹೇಳಿತು. ಊರು ನಾಲ್ಕು ದಿನ ಹೇಳಿ ಮರೆಯಿತು, ಇವಳು ಮರೆಯಲಿಲ್ಲ. ನಾಗರಕಲ್ಲಿಗೆ ಹಾಲೆರೆಯುವುದನ್ನು ಒಂದು ಸೋಮವಾರವೂ ಬಿಟ್ಟಿಲ್ಲ. ಯಾರ ಕುಬುಸಕ್ಕೂ, ಸೀಮಂತಕ್ಕೂ ಹೋಗುವುದಿಲ್ಲ. ಕರೆಯಲು ಬಂದವರಿಗೆ, "ಬಸುರಿ ಹೆಣ್ಮಗಳ ಮ್ಯಾಲೆ ನನ್ನ ನೆಳ್ಳು ಬೀಳಬಾರದ್ರೆವ್ವಾ" ಎಂದು ಕೈ ಮುಗಿದು ಕಳಿಸುತ್ತಾಳೆ. ಬಾಗಿಲ ಹಿಂದೆ ನಿಂತು ಅದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ!

ಮೊನ್ನೆ ಅರ್ಚನಾ ಪಡಸಾಲೆಯಲ್ಲಿ ಅವ್ವನನ್ನು ಕೂರಿಸಿಕೊಂಡು ಹೇಳಿದಳು: "ಅವ್ವಾ, ಹಾವಿಂದು ಏನೂ ಇಲ್ಲ. ಅಕ್ಕನ ಚರ್ಮದಾಗ ಜಿಡ್ಡಿನ ಕೆಲಸ ಎಲ್ಲ್ಯೋ ಕೆಟ್ಟೈತಿ. ಯಾವ ಕಿಣ್ವ ಅಂತ ಇನ್ನೂ ಗೊತ್ತಾಗಿಲ್ಲ, ಹುಡುಕಾಕತ್ತೀವಿ. ಆದ್ರ ಇಂಥ ಕಾಯಿಲಿ ಒಬ್ಬರಿಂದ ಬರಂಗಿಲ್ಲ. ಅವ್ವನ ಕಡಿಂದ ಅರ್ಧ, ಅಪ್ಪನ ಕಡಿಂದ ಅರ್ಧ, ಎರಡೂ ಕೂಡಿದ್ರನ ಬರೋದು."

ಕೂಡದೆ ಏನು ಮಾಡೀತು, ಸಭಿಕರೇ? ಕೊಟ್ರಮ್ಮ ನನ್ನ ಒಡಹುಟ್ಟಿದ ಅಕ್ಕನ ಮಗಳು. ನಾನು ಅವಳ ಸೋದರಮಾವ, ಇವತ್ತಿಗೂ ನನ್ನನ್ನು ಮಾಮ ಎಂದೇ ಕರೆಯುತ್ತಾಳೆ. ಒಂದೇ ಮನೆಯ ಕುಂದು ಇಬ್ಬರ ಮೈಯಲ್ಲೂ ಸದ್ದಿಲ್ಲದೆ ಕೂತಿತ್ತು. ಮಗಳು ದೂರ ಹೋಗದಿರಲಿ ಎಂಬ ಪ್ರೀತಿಯಿಂದ ನಮ್ಮಕ್ಕ ಕೊಟ್ಟಳು, ನಾನು ಖುಷಿಯಿಂದ ತಂದುಕೊಂಡೆ. ಅವಳ ಕೂಡ ಬಾಳಿದ್ದಕ್ಕೆ ನನಗೆ ಒಂದು ದಿನವೂ ಬೇಸರವಿಲ್ಲ. ಆದರೆ ಈ ಸಭಾಂಗಣದಲ್ಲಿ ಸೋದರ ಸಂಬಂಧಕ್ಕೆ ಎಲೆ-ಅಡಿಕೆ ಹಿಡಿದು ಹೊರಟವರಿದ್ದರೆ, ಮೊದಲು ಅರ್ಚನಾಳನ್ನು ಒಂದು ಮಾತು ಕೇಳಿ.

ಇಷ್ಟೆಲ್ಲ ಕೇಳಿದ ಕೊಟ್ರಮ್ಮ ಏನೆಂದಳು ಗೊತ್ತೇ? "ಅಕಿ ಓದ್ಯಾಳ, ಹೇಳ್ತಾಳ. ನೀರು ಚೆಲ್ಲಿದ ಕೈ ನಂದಲ್ಲೇನು ಮಾಮ?" ಎಂದಳು. ಬೆಳಗಾಗುತ್ತಲೇ ಹಾಲಿನ ಚೊಂಬು ಹಿಡಿದು ಹೊರಟಳು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದೇ ನಿಮಿಷ, ಸ್ವಾಮಿ.

ಕೊಟ್ರಮ್ಮಾ, ತಲಿ ಎತ್ತು. ಸೆರಗಿನ್ಯಾಗ ಮುಖ ಮುಚ್ಚಿಗೋಬ್ಯಾಡ, ಇಲ್ಲಿ ನೋಡು. ಇಷ್ಟು ವರ್ಷ ತಪ್ಪೆಲ್ಲಾ ನಂದ, ಎಲ್ಲಾ ನಂದ ಅಂತ ಒಬ್ಬಾಕಿನ ಹೊತ್ತುಗೊಂಡು ತಿರಗಿದಿ. ನಾನು ವ್ಯಾಪಾರಸ್ಥ. ನನ್ನ ಪಾಲು ಯಾರಿಗೂ ಬಿಟ್ಟವನಲ್ಲ, ಕಟಗೊಂಡ ಹೆಂಡ್ತಿಗೆ ಬಿಡ್ತೀನೇನು? ಹಂಪಕ್ಕ ನಿನಗೆಷ್ಟು ಮಗಳೋ ನನಗೂ ಅಷ್ಟ. ನನ್ನ ಅರ್ಧ ನನಗ ಕೊಡು.

ಸಭಿಕರೇ, ಮಗಳಿಗೆ ಶಾಲು ಹೊದಿಸಿದ ನಿಮಗೆ, ಕೇಳಿಸಿಕೊಂಡ ಎಲ್ಲರಿಗೂ ನಾನು ಋಣಿ. ವೇದಿಕೆಯ ಮೇಲೆ ನನ್ನ ಕುರ್ಚಿ ಖಾಲಿ ಇರಲಿ. ನಾನೀಗ ಕೆಳಗಿಳಿದು ಹೆಂಗಸರ ಸಾಲಿಗೆ ಹೋಗುತ್ತೇನೆ. ತಾಯಂದಿರೇ, ಅವಳ ಪಕ್ಕದಲ್ಲಿ ಸ್ವಲ್ಪ ಸರಿದು ಜಾಗ ಮಾಡಿಕೊಡಿ.

ನಮಸ್ಕಾರ.