ಮೊದಲು ಅಲ್ಲಿದ್ದವರು

ಬಸ್ ನಿಲ್ದಾಣದ ಬೆಂಚಿನಲ್ಲಿ ಅಕ್ಕತಂಗಿಯರ ಪಕ್ಕ ಕೂತಿದ್ದ ಮುದುಕ ಕೇಳಬೇಕೆಂದು ಕೇಳಿದ್ದಲ್ಲ. ಮಾತು ತಾನಾಗಿಯೇ ಕಿವಿಗೆ ಬಿತ್ತು.

“ನೀನು ಕೊಟ್ಟ ಕಾದಂಬರಿ ಓದಿದಾಗಿಂದ ಮಗಳಿಗೆ ನಿದ್ದೆಯಿಲ್ಲ ಕಣೇ,” ಎಂದಳು ಅಕ್ಕ.

“ಅಯ್ಯೋ, ಎಷ್ಟು ಚೆನ್ನಾಗಿದೆಯಲ್ಲಕ್ಕ! ಹಳೇ ಕಾಲದೋರು ಗೊತ್ತಿಲ್ಲದ ಸೀಮೆಗೆ ಹೋಗಿ, ಕಾಡು ಕಡಿದು, ತೋಳ ಓಡಿಸಿ ಮನೆ ಕಟ್ಟೋದು... ಎಂಥಾ ಧೈರ್ಯ!”

“ಅವಳಿಗೆ ಅದ್ಯಾವುದೂ ಬೇಡ. ಮೊದಲು ಅಲ್ಲಿದ್ದೋರು ಎಲ್ಲಿಗೆ ಹೋದ್ರು ಅಂತಾಳೆ.”

“ನಿನ್ನ ಮಗಳಲ್ವಾ, ಕೊಕ್ಕೆ ಹಾಕ್ದೆ ಇರ್ತಾಳಾ! ಬರೀ ಕಥೆ ಅನ್ನು.”

“ಅಂದೆ. ‘ನಮ್ಮ ಹೊಸ ಮನೆ ಜಾಗದಲ್ಲಿ ಗುಡಿಸಲು ಇದ್ವಲ್ಲಮ್ಮಾ, ಅವ್ರೆಲ್ಲಿ?’ ಅಂದ್ಳು.”

ತಂಗಿಯ ನಗು ನಿಂತಿತು.

“ನಾಳೆ ಸಾಮಾನು ಸಾಗಿಸ್ಬೇಕು. ಆ ಮನೆಗೆ ಕಾಲಿಡಲ್ಲ ಅಂತ ಹಟ ಹಿಡಿದಿದ್ದಾಳೆ. ಏನು ಹೇಳ್ಲೇ?”

“ಅವರಿಗೂ ಬೇರೆ ಮನೆ ಕೊಟ್ರು ಅನ್ನು.”

“ಕೊಟ್ರಾ?”

ಬಸ್ ಬಂತು. ತಂಗಿ ಅಕ್ಕನ ಚೀಲವನ್ನೂ ಎತ್ತಿಕೊಂಡು ಹತ್ತಿದಳು. ಅಕ್ಕ ಅವಳ ಮುಖವನ್ನೇ ನೋಡುತ್ತ ಹಿಂದೆ ಹೋದಳು.